ಏಳು ಶಾಖೆಗಳ ಕೊಡೆ ರಿಪೇರಿ

ಕಡ್ಡಿರಾಯನ ಎದೆ ಧಸಕ್ಕೆಂದದ್ದು ಒಂದು ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ. ಅದೇ ವಿಷಯಕ್ಕೆ ಬೀದಿಯವರ ಎದೆಯೆಲ್ಲ ಧಸಕ್ಕೆಂದು ಆಗಲೇ ಹದಿನೈದು ದಿನ ಕಳೆದಿತ್ತು. ತನ್ನ ಸುದ್ದಿಯನ್ನು ಎಲ್ಲರಿಗಿಂತ ಕೊನೆಗೆ ತಿಳಿದುಕೊಳ್ಳುವುದು ಆ ಪುಣ್ಯಾತ್ಮನ ಜಾಯಮಾನ.

ಹೆತ್ತವರಿಟ್ಟ ಹೆಸರೊಂದು ಅವನಿಗೂ ಇತ್ತು. ಇಪ್ಪತ್ತೆರಡು ವರ್ಷ ಕೊಡೆಗಳ ಸೊಟ್ಟ ಕಡ್ಡಿ ನೆಟ್ಟಗೆ ಮಾಡುತ್ತಾ ಕೂತದ್ದರಲ್ಲಿ ಅದು ಯಾರ ನೆನಪಿನಲ್ಲೂ ಉಳಿಯದೆ ಕಡ್ಡಿರಾಯ ಎಂಬುದೇ ನಿಂತುಬಿಟ್ಟಿತು. ಅಂಗಡಿ ಎಂದರೆ ನಗರಸಭೆಯ ಮಾರುಕಟ್ಟೆ ಕಟ್ಟಡದ ಮೆಟ್ಟಿಲ ಕೆಳಗಿನ ಮೂಲೆ. ಆರಡಿ ಉದ್ದ, ಮೂರಡಿ ಅಗಲ. ಎದ್ದು ನಿಂತರೆ ಒಂಬತ್ತನೆಯ ಮೆಟ್ಟಿಲು ತಲೆಗೆ ಬಡಿಯುತ್ತದೆ, ಹಾಗಾಗಿ ಅವನು ನಿಲ್ಲುವುದಿಲ್ಲ. ಈ ಮೂಲೆ ಅವನಿಗೆ ಸಿಕ್ಕಿದ್ದು ಒಂದು ನಿಯಮದ ಮೇಲೆ: ಬೇರೆಲ್ಲೂ ಅಂಗಡಿ ಇಲ್ಲದ ಬಡ ಕಸುಬುದಾರನಿಗೆ ಮಾತ್ರ. ಇನ್ನೊಂದು ಕಡೆ ಒಂದು ಗೂಡಂಗಡಿ ಇದೆ ಎಂದು ತಿಳಿದರೂ ಸಾಕು, ಗಂಟುಮೂಟೆ ಕಟ್ಟಬೇಕು. ಈ ಮೂಲೆ ಹೋದರೆ ಅವನಿಗೆ ಕೂರಲು ಭೂಮಿಯ ಮೇಲೆ ಇನ್ನೊಂದು ಜಾಗವಿರಲಿಲ್ಲ.

ಎಲ್ಲ ಸರಿಯಾಗಿಯೇ ಇತ್ತು. ಅಷ್ಟರಲ್ಲಿ ಎದುರುಗಡೆ ಗಾಜಿನದೊಂದು ಕೊಡೆ ಅಂಗಡಿ ಬಂತು. ಮಡಚಿದರೆ ಜೇಬಿನಲ್ಲಿ ಹಿಡಿಯುವ ಕೊಡೆ, ಗುಂಡಿ ಒತ್ತಿದರೆ ಮೂತಿಗೆ ಬಡಿಯುವ ಕೊಡೆ, ಬಾಗಿಲ ಮೇಲೆ ಯಾವುದೋ ದೇಶದ ಹೆಸರು. ಅದನ್ನು ನೋಡಿ ನೋಡಿ ಕಡ್ಡಿರಾಯ ತನ್ನ ಮೂಲೆಯ ಕಡೆಗೂ ಒಮ್ಮೆ ಕಣ್ಣು ಹಾಯಿಸಿದ. ತನ್ನ ಅಂಗಡಿಗೆ ಹೆಸರು ಹಾಗಿರಲಿ, ಒಂದು ಹಲಗೆಯೂ ಇಲ್ಲ!

ಅಂಥ ಹೊತ್ತಿನಲ್ಲೇ ನಿಘಂಟು ಮೇಷ್ಟ್ರು ಮುರಿದ ಕೊಡೆ ಹಿಡಿದು ಬಂದರು. ಇವರು ನಿವೃತ್ತರಾದ ಮೇಲೆ ಪದಗಳ ಹುಟ್ಟು ಹುಡುಕುವ ಕೆಲಸಕ್ಕೆ ಬಿದ್ದವರು. ಎದುರಿಗೆ ಸಿಕ್ಕವನು ತಪ್ಪಿಸಿಕೊಳ್ಳುವಂತಿಲ್ಲ ಎಂದು ಖಾತ್ರಿಯಾದರೆ ಸಾಕು, ಶುರು ಮಾಡುತ್ತಿದ್ದರು. ಮೆಟ್ಟಿಲ ಕೆಳಗಿನವನಿಗಿಂತ ತಪ್ಪಿಸಿಕೊಳ್ಳಲಾಗದವನು ಇನ್ನಾರು ಸಿಕ್ಕಾನು?

"ನೋಡಯ್ಯಾ, ಇಂಗ್ಲಿಷಿನವರು ಅಂಬ್ರೆಲಾ ಅಂತಾರಲ್ಲ, ಅದರಲ್ಲಿ ಮಳೆ ಇಲ್ಲವೇ ಇಲ್ಲ. ಲ್ಯಾಟಿನ್ನಿನಲ್ಲಿ ಉಂಬ್ರಾ ಅಂದರೆ ನೆರಳು. ಅದು ಇಟಲಿಯಲ್ಲಿ ಓಂಬ್ರೆಲ್ಲೊ ಆಯಿತು. ಪುಟ್ಟ ನೆರಳು ಅಂತ. ನೆರಳಿನ ಹೆಸರು ಇಟ್ಟುಕೊಂಡು ದಿನಾ ಮಳೇಲಿ ನೆನೆಯೋ ಪದ ಅದು, ಪಾಪ."

"ಪಾಪ," ಎಂದ ಕಡ್ಡಿರಾಯ.

"ಪ್ಯಾರಾಸೋಲ್ ಅಂದರೆ ಸೂರ್ಯನನ್ನು ತಡೆಯೋದು. ಸ್ಪೇನಿನಲ್ಲಿ ಸೊಂಬ್ರಿಯಾ, ಅದೂ ಪುಟ್ಟ ನೆರಳೇ. ಗ್ರೀಕರ ಸ್ಕಿಯಾಡಿಯೋನ್, ಅಲ್ಲೂ ನೆರಳೇ. ಜರ್ಮನರು ಮಾತ್ರ ಶಿರ್ಮ್ ಅಂತಾರೆ, ಅಂದರೆ ಮರೆ, ರಕ್ಷೆ. ಸಂಸ್ಕೃತದ ಛತ್ರದ ಒಳಗಿರೋದು ಮುಚ್ಚೋದು ಅನ್ನೋ ಅರ್ಥ, ಪರ್ಷಿಯನ್ನರಲ್ಲಿ ಅದು ಚತ್ರ್. ಜಪಾನಿನಲ್ಲಿ ಹಿಗಾಸಾ, ಬಿಸಿಲಿನ ಕೊಡೆ. ಪ್ರಪಂಚ ಪೂರ್ತಿ ಬಿಸಿಲಿಗೆ ಹೆದರಿ ಮಾಡಿಕೊಂಡ ವಸ್ತುವಯ್ಯಾ ನಿನ್ನ ಕೈಲಿರೋದು! ಗೊತ್ತಿತ್ತಾ ನಿನಗೆ?"

"ಗೊತ್ತಿಲ್ಲದೆ ಏನು ಸಾರ್? ಇಪ್ಪತ್ತೆರಡು ವರ್ಷದ ಸರ್ವೀಸು," ಎಂದು ಕಡ್ಡಿರಾಯ ಇಕ್ಕಳ ತಿರುಗಿಸಿದ. ಅವನ ಇಡೀ ದುರಂತಕ್ಕೆ ಬೀಜ ಬಿದ್ದದ್ದು ಈ ಒಂದು ಸುಳ್ಳಿನಲ್ಲಿ. ಗೊತ್ತಿದೆ ಎಂದ ಮೇಲೆ ಅದು ಊರಿಗೂ ಕಾಣಬೇಕಲ್ಲ! ಅವುಗಳಲ್ಲಿ ಕಿವಿಗೆ ಹೊಸದೆನಿಸಿದ ಏಳು ಪದಗಳನ್ನು ಮೇಷ್ಟ್ರ ಕೈಯಿಂದಲೇ ಒಂದು ಚೀಟಿಯಲ್ಲಿ ಬರೆಸಿಕೊಂಡ.

ಚೀಟಿ ಬಾಮೈದನ ಕೈ ಸೇರಿತು. ಬಾಮೈದ, ಎಂದರೆ ಹೆಂಡತಿಯ ತಮ್ಮ, ಅಂಗಡಿ ಹಲಗೆ ಬರೆಯುವ ಪೇಂಟರ್. ಅಕ್ಷರ ಮುತ್ತಿನಂಥದ್ದು. ಆದರೆ ಬರೆಯುವುದನ್ನು ಓದುವ ಅಭ್ಯಾಸ ಅವನಿಗಿರಲಿಲ್ಲ. ಹದಿನೆಂಟು ವರ್ಷ ಬಟ್ಟೆ ಅಂಗಡಿ, ಔಷಧಿ ಅಂಗಡಿ, ಡ್ರೈವಿಂಗ್ ಶಾಲೆಗಳ ಹಲಗೆ ಬರೆದು ಬರೆದು ಅವನ ಕೈಗೆ ಒಂದು ಪಾಠ ಬಾಯಿಪಾಠವಾಗಿತ್ತು: ಮೇಲೆ ದೊಡ್ಡದಾಗಿ ಅಂಗಡಿಯ ಹೆಸರು, ಕೆಳಗೆ ಅಲ್ಪವಿರಾಮ ಹಾಕಿ ಸಾಲಾಗಿ ಬರುವುದೆಲ್ಲ ಊರುಗಳು. ಚೀಟಿಯಲ್ಲಿ ಏಳು ಪದ, ಆರು ಅಲ್ಪವಿರಾಮ ಕಂಡವು. ಕೈ ತಾನಾಗಿಯೇ ಹೋಗಿ ಅವುಗಳ ಹಿಂದೆ 'ನಮ್ಮ ಶಾಖೆಗಳು' ಎಂದು ಬರೆದು ಎರಡು ಚುಕ್ಕೆ ಇಟ್ಟು ಬಂತು. ಬಾಮೈದನಿಗೆ ಗೊತ್ತೇ ಆಗಲಿಲ್ಲ.

ಕಡ್ಡಿರಾಯ ನೋಡಲಿಲ್ಲವೇ ಎಂದು ನೀವು ಕೇಳಬಹುದು. ನೋಡಿದ. ಹಲಗೆ ತಗುಲಿಹಾಕಿದ ದಿನ ಹೊರಗೆ ಬಂದು ಕತ್ತೆತ್ತಿ ನೋಡಿದ. ಮೂಗಿನ ಮೇಲಿದ್ದದ್ದು ಕಡ್ಡಿ ನೋಡುವ ಹತ್ತಿರದ ಕನ್ನಡಕ. ಹಳದಿಯ ಮೇಲೆ ಕೆಂಪು ಕಂಡಿತು, ಓಂಬ್ರೆಲ್ಲೊದ 'ಓ' ದುಂಡಗೆ ಕಂಡಿತು, ಅಷ್ಟಕ್ಕೇ ಕಣ್ಣಲ್ಲಿ ನೀರು ಬಂತು. ಕಣ್ಣೊರೆಸಿಕೊಂಡು ಒಳಗೆ ಹೋಗಿ ಕೂತ. ಅಲ್ಲಿಂದ ಕಾಣುವುದು ಹಲಗೆಯ ಬೆನ್ನು.

ಮೊದಲು ಬಂದವನು ಪಕ್ಕದ ಕ್ಷೌರದಂಗಡಿಯವನು. ಕೈಯಲ್ಲಿ ಕತ್ತರಿ, ಮುಖದಲ್ಲಿ ಗಾಬರಿ.

"ಏನೋ ಕಡ್ಡಿರಾಯಾ, ಏಳು ಇದೆಯಂತೆ?"

"ಏಳೇ. ಇನ್ನೂ ಬೇಕಾದಷ್ಟಿವೆ, ಹಲಗೆಯಲ್ಲಿ ಜಾಗ ಸಾಲಲಿಲ್ಲ."

ಕ್ಷೌರದವನು ಮೆಟ್ಟಿಲ ಕಂಬ ಹಿಡಿದುಕೊಂಡ. "ಅದರಲ್ಲಿ ಹಳೇದು ಯಾವುದು?"

"ಸ್ಕಿಯಾಡಿಯೋನ್. ಎರಡು ಸಾವಿರ ವರ್ಷದ ಮೇಲಾಯಿತು."

"ಅಯ್ಯೋ! ನಿಮ್ಮ ಮುತ್ತಾತನ ಕಾಲದ್ದಾ?"

"ಅವನಿಗಿಂತ ತುಂಬಾ ಹಿಂದಿನದು."

"ಮತ್ತೆ ಆ ಹಿಗಾಸಾ?"

"ಜಪಾನಿಂದು."

"ಚೆನ್ನಾಗಿ ನಡೆಯುತ್ತಾ ಅಲ್ಲಿ?"

"ನಡೆಯದೆ ಏನು? ಅಲ್ಲಿನ ಹೆಂಗಸರು ಬಿಸಿಲಿಗೆ ಹೊರಟರೆ ಅದಿಲ್ಲದೆ ಆಗೋದೇ ಇಲ್ಲವಂತೆ."

"ಇಷ್ಟು ವರ್ಷ ಪಕ್ಕದಲ್ಲೇ ಇದ್ದೀನಿ, ಒಂದು ಮಾತು ಬಾಯಿ ಬಿಟ್ಟಿಲ್ಲವಲ್ಲೋ ನೀನು!"

"ನನಗೂ ಗೊತ್ತಾಗಿದ್ದು ಮೊನ್ನೆ ಮಂಗಳವಾರ ಕಣೋ," ಎಂದು ಕಡ್ಡಿರಾಯ ಹಳೆಯ ಗೆಳೆಯನೆಂದು ನಿಜ ಹೇಳಿಬಿಟ್ಟ. "ಯಾರಿಗೂ ಹೇಳಬೇಡ."

ಯಾರಿಗೂ ಹೇಳಬೇಡ ಎಂದು ಕ್ಷೌರದಂಗಡಿಯವನಿಗೆ ಹೇಳುವುದೂ ಒಂದೇ, ಡಂಗುರ ಸಾರಿಸುವುದೂ ಒಂದೇ. ಅಂದು ಸಂಜೆಯೊಳಗೆ ಮುತ್ತಾತನ ಆಸ್ತಿ, ಏಳು ದೇಶಗಳ ಅಂಗಡಿ, ಮಂಗಳವಾರ ಬಂದ ಕಾಗದ ಎಲ್ಲವೂ ಸಿದ್ಧವಾಗಿ ಬೀದಿ ತುಂಬ ಓಡಾಡಿದವು. ಒಬ್ಬ ಗಿರಾಕಿ ಅರ್ಧ ಗಡ್ಡದ ನೊರೆಯೊಂದಿಗೇ ಬಂದು ಹಲಗೆ ಓದಿಕೊಂಡು ಹೋದ. ಎದುರಿನ ಗಾಜಿನಂಗಡಿ ಯಜಮಾನ ಬಾಗಿಲಲ್ಲಿ ನಿಂತು ತಲೆ ಚಚ್ಚಿಕೊಂಡ. "ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರೀಲಿ ಕೊಡೆ ಹಿಡೀತಾನೆ ಅಂತಾರೆ. ಇವನು ನೋಡಿದರೆ ಐಶ್ವರ್ಯ ಇಟ್ಟುಕೊಂಡು ಮೆಟ್ಟಿಲ ಕೆಳಗೆ ಕೂತಿದ್ದಾನೆ! ಇವನು ಅಲ್ಪನಲ್ಲ, ಭಾರಿ ಖದೀಮ." ಒಳಗೆ ಹೋಗಿ ನಗರಸಭೆಗೆ ಒಂದು ಅರ್ಜಿ ಬರೆದ.

ಸುದ್ದಿ ಷಡ್ಡಕನ ಕಿವಿಗೂ ಬಿತ್ತು. ಹೆಂಡತಿಯ ಅಕ್ಕನ ಗಂಡನಾದ ಇವನು ಸರ್ಕಾರಿ ಉಗ್ರಾಣದ ಸ್ಟೋರ್‌ಕೀಪರ್. ನಾದಿನಿಯನ್ನು ಮೆಟ್ಟಿಲ ಕೆಳಗೆ ಕೊಟ್ಟರಲ್ಲ ಎಂಬ ಅವಮಾನಕ್ಕೆ ಇಪ್ಪತ್ತೆರಡು ವರ್ಷ ಆ ಬೀದಿಗೆ ಕಾಲಿಟ್ಟವನಲ್ಲ. ಅಂಥವನು ಒಂದು ಭಾನುವಾರ ಹೆಂಡತಿಯನ್ನೂ ಒಂದು ಚೀಲ ಹಣ್ಣನ್ನೂ ಹಿಡಿದುಕೊಂಡು ಮನೆಗೆ ಬಂದ. ಹೆಂಗಸರು ಅಡುಗೆಮನೆಗೆ ಹೋದರು. ಷಡ್ಡಕ ಕುರ್ಚಿಯ ತುದಿಯಲ್ಲಿ ಕೂತು, "ಹೇಗಿದ್ದೀರಿ?" ಎಂದ.

ಕಡ್ಡಿರಾಯ ಹಿಂದೆ ತಿರುಗಿ ನೋಡಿದ. ಬೇರೆ ಯಾರೂ ಇರಲಿಲ್ಲ. ಷಡ್ಡಕನ ಬಾಯಲ್ಲಿ ಅವನು ಎಂದೂ 'ನೀವು' ಆಗಿರಲಿಲ್ಲ.

"ಹಲಗೆ ನೋಡಿದೆ. ಬಾಯಿ ಬಿಟ್ಟು ಕೇಳ್ತಿದ್ದೀನಿ. ಆ ಹಿಗಾಸಾನ ನನಗೆ ಬಿಟ್ಟುಕೊಡ್ತೀರಾ?"

ಷಡ್ಡಕ ಹೊಸ ಮನೆ ಕಟ್ಟಿಸುತ್ತಿದ್ದ. ಮನೆಗೆ ಇಡಲು ಹೊಸತಾಗಿರುವ ಹೆಸರು ಹುಡುಕುತ್ತಿದ್ದಾನೆ ಎಂದು ಕಡ್ಡಿರಾಯ ತಿಳಿದ. ಎದೆ ಉಬ್ಬಿತು.

"ತಗೊಳ್ಳಿ ಅಣ್ಣಾ, ಅದಕ್ಕೇನು ಕೇಳೋದು! ಹಿಗಾಸಾ ನಿಮಗೇ ಇರಲಿ."

"ಬಾಯಿಮಾತಿಗೆ ಹೇಳಬೇಡಿ."

"ಬೇಕಾದರೆ ಸೊಂಬ್ರಿಯಾನೂ ತಗೊಳ್ಳಿ."

ಷಡ್ಡಕನಿಗೆ ಕೆಮ್ಮು ಹತ್ತಿಕೊಂಡಿತು. ನೀರು ಕುಡಿದು ಸುಧಾರಿಸಿಕೊಂಡ. "ಬೇಡ, ಬೇಡ. ಎರಡು ನಿಭಾಯಿಸೋ ವಯಸ್ಸಲ್ಲ ನಂದು. ಯಾವಾಗಿಂದ ಶುರು ಮಾಡ್ಕೊಳ್ಳಲಿ?"

"ನಾಳೆಯಿಂದಲೇ! ನನ್ನ ಕೇಳೋದೇನು ಅಣ್ಣಾ, ಅದೇನು ನಮ್ಮಪ್ಪನ ಆಸ್ತಿಯಾ?"

"ಮುತ್ತಾತಂದಂತೆ," ಎಂದು ಷಡ್ಡಕ ಅವನ ಎರಡು ಕೈಯನ್ನೂ ಹಿಡಿದುಕೊಂಡ. ಕಡ್ಡಿರಾಯನಿಗೆ ಆ ಮಾತು ತಿಳಿಯಲಿಲ್ಲ. ಆದರೆ ಅಂಥ ಗೌರವ ನಡೆಯುತ್ತಿರುವಾಗ ನಡುವೆ ಬಾಯಿ ಹಾಕಿ ಅರ್ಥ ಕೇಳುವಷ್ಟು ದಡ್ಡನೂ ಅವನಲ್ಲ.

ಅಡುಗೆಮನೆಯಲ್ಲಿ ಅಕ್ಕನಿಂದ ಎಲ್ಲ ಕೇಳಿದ ಹೆಂಡತಿ, ಇಷ್ಟು ವರ್ಷ ತನ್ನಿಂದ ಮುಚ್ಚಿಟ್ಟನಲ್ಲ ಎಂದು ಗಂಡನ ಜೊತೆ ಮಾತು ಬಿಟ್ಟಳು. ಅವನಾಗಿ ಹೇಳಲಿ ಎಂದು ಅವಳ ಹಟ. ಮನೆ ಇಷ್ಟು ಪ್ರಶಾಂತವಾಗಿರುವುದೂ ಹಲಗೆಯ ಮಹಿಮೆಯೇ ಇರಬೇಕು ಎಂದು ಇವನ ಸಂತೋಷ.

ಇದಾಗಿ ಎಂಟನೆಯ ದಿನವೇ ಆ ಸೋಮವಾರ. ಲೈಸೆನ್ಸ್ ಇನ್‌ಸ್ಪೆಕ್ಟರ್ ಬಂದು, ತಲೆ ಬಗ್ಗಿಸಿ, ನೋಟಿಸನ್ನು ತಾನೇ ಗಟ್ಟಿಯಾಗಿ ಓದಿದ. "ಸೊಂಬ್ರಿಯಾ, ಹಿಗಾಸಾ ಮುಂತಾದ ಏಳು ಸ್ಥಳಗಳಲ್ಲಿ ಶಾಖೆಗಳನ್ನು ಹೊಂದಿದ್ದರೂ ಸದರಿ ವಿಷಯವನ್ನು ಮರೆಮಾಚಿ ಬಡ ಕಸುಬುದಾರರ ಮೂಲೆಯನ್ನು ಅನುಭವಿಸುತ್ತಿರುವುದರಿಂದ, ಗುರುವಾರ ಹನ್ನೊಂದು ಗಂಟೆಗೆ ಹಾಜರಾಗಿ ಸಮಜಾಯಿಷಿ ನೀಡತಕ್ಕದ್ದು. ತಪ್ಪಿದಲ್ಲಿ ಮೂಲೆಯನ್ನು ತೆರವುಗೊಳಿಸಲಾಗುವುದು."

"ಶಾಖೆಯಾ? ಯಾರಿಗೆ ಸಾರ್?"

"ನಿನಗೆ. ನೀನೇ ಬರೆಸಿ ತಗುಲಿಹಾಕಿದ್ದೀಯಲ್ಲ."

ಕಡ್ಡಿರಾಯ ಧಿಗ್ಗನೆದ್ದ. ಒಂಬತ್ತನೆಯ ಮೆಟ್ಟಿಲು ತನ್ನ ಕೆಲಸ ಮಾಡಿತು. ತಲೆ ಹಿಡಿದುಕೊಂಡೇ ಬೀದಿ ದಾಟಿ, ಗಾಜಿನಂಗಡಿಯ ಮುಂದೆ ನಿಂತು, ಕನ್ನಡಕ ತೆಗೆದು ತನ್ನ ಹಲಗೆಯನ್ನು ಮೊದಲ ಸಲ ಓದಿದ. ವೈರಿಯ ಅಂಗಡಿಯ ಮೆಟ್ಟಿಲ ಮೇಲೆಯೇ ಕುಸಿದು ಕೂತ.

ಅಂದು ಮನೆಯಲ್ಲಿ ಅವನೇ ಎಲ್ಲ ಹೇಳಿದ. ಹೆಂಡತಿ ಹಣೆ ಚಚ್ಚಿಕೊಂಡಳು. "ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು! ರಿಪೇರಿ ಮಾಡೋನಿಗೆ ಏಳು ಭಾಷೆ ಯಾಕ್ರೀ ಬೇಕಿತ್ತು? ಇರೋ ಮೂಲೆನೂ ಹೋದರೆ ನಾಳೆ ಎಲ್ಲಿ ಕೂರ್ತೀರಿ?" ಎಂದು ಅತ್ತೇಬಿಟ್ಟಳು. ಬಾಮೈದ ಮಾತ್ರ ಹೆದರಲಿಲ್ಲ. "ಭಾವ, ಎರಡು ನಿಮಿಷದ ಕೆಲಸ. ಶಾಖೆ ಇಲ್ಲ ಅಂತ ಕಾಣೋ ಹಾಗೆ ಮಾಡ್ತೀನಿ," ಎಂದು ಮಂಗಳವಾರ ಬೆಳಿಗ್ಗೆಯೇ ಏಣಿ ಹತ್ತಿದ. ಶಾಖೆಗಳ ಇಡೀ ಸಾಲಿನ ಮೇಲೆ ಹಳದಿ ಬಳಿದ. ಖಾಲಿ ಜಾಗ ನೋಡಿ ಸುಮ್ಮನಿರಲಾರದ ಅವನ ಕೈ, ದೊಡ್ಡ ದೊಡ್ಡ ಅಂಗಡಿಗಳಿಗೆ ಬರೆಯುತ್ತಿದ್ದ ಇನ್ನೊಂದು ಸಾಲನ್ನು ಅಲ್ಲಿ ಬರೆಯಿತು: 'ನಮಗೆ ಬೇರೆಲ್ಲಿಯೂ ಶಾಖೆಗಳಿಲ್ಲ. ಮೋಸ ಹೋಗದಿರಿ.'

ಬುಧವಾರ ಇನ್‌ಸ್ಪೆಕ್ಟರ್ ಆ ದಾರಿಯಲ್ಲಿ ಬಂದವನು ಸೈಕಲ್ಲಿಂದ ಬೀಳುವುದೊಂದು ಬಾಕಿ.

"ಸೋಮವಾರ ಏಳಿತ್ತು, ಇವತ್ತು ಒಂದೂ ಇಲ್ಲ! ನೋಟಿಸ್ ಕೊಟ್ಟು ಎರಡು ದಿನಕ್ಕೇ ಏಳು ದೇಶದ ವ್ಯವಹಾರ ಮುಚ್ಚಿದ್ದೀಯಲ್ಲಪ್ಪಾ! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡ್ಕೊಂಡ ಅನ್ನೋದು ಇದಕ್ಕೇ."

ಕ್ಷೌರದವನಿಗೆ ಇನ್ನೊಂದೇ ಚಿಂತೆ. "ಇವನ ಹೆಸರಲ್ಲಿ ಯಾರೋ ನಕಲಿ ಅಂಗಡಿ ಬೇರೆ ತೆಗೆದಿದ್ದಾರಂತೆ ಕಣ್ರೀ," ಎಂದು ಗಿರಾಕಿಯ ಕಿವಿಯಲ್ಲಿ ಹೇಳಿದ.

ಗುರುವಾರ ನಗರಸಭೆಯ ಎರಡನೆಯ ಮಹಡಿ. ಅಧಿಕಾರಿ ಮೇಡಂ ನಗುವವರಲ್ಲ ಎಂದು ಕಟ್ಟಡಕ್ಕೆಲ್ಲ ಗೊತ್ತಿತ್ತು. ಕಡ್ಡಿರಾಯ ಮೇಷ್ಟ್ರನ್ನು ಸಾಕ್ಷಿಗೆ ಕರೆದುಕೊಂಡು ಹೋಗಿದ್ದ. ಮೇಷ್ಟ್ರಿಗೆ ಅದು ಜೀವಮಾನದಲ್ಲಿ ಒಮ್ಮೆ ಸಿಗುವ ಅವಕಾಶ. ಎದುರಿಗೆ ಕೂತವರು ಕಾನೂನಿನ ಪ್ರಕಾರ ಎದ್ದು ಹೋಗುವಂತಿಲ್ಲ! ನೆರಳಿನಿಂದ ಶುರು ಮಾಡಿ ಇಟಲಿ, ಸ್ಪೇನ್, ಗ್ರೀಸುಗಳನ್ನೆಲ್ಲ ಸುತ್ತಿಸಿ ಜಪಾನಿನಲ್ಲಿ ಇಳಿಸಿದರು.

ಮೇಡಂ ಪೆನ್ನು ಕೆಳಗಿಟ್ಟರು. "ಅಂದರೆ ಇವು ಏಳು ಊರಲ್ಲ?"

"ಅಲ್ಲಮ್ಮಾ. ಕೊಡೆ ಒಂದೇ, ಬಾಯಿ ಏಳು."

"ಎಲ್ಲ ಕಡೆ ಬಿಸಿಲಿಂದಲೇ ಹೆಸರಾ?" ಎಂದು ಮೇಡಂ ಆಶ್ಚರ್ಯಪಟ್ಟರು. ಅವರಿಗೆ ಅರ್ಧ ನಂಬಿಕೆ ಬಂದಿತ್ತು.

ಇನ್‌ಸ್ಪೆಕ್ಟರ್ ಎದ್ದು ನಿಂತ. "ಹೇಳೋದು ಸುಲಭ ಮೇಡಂ. ಶಾಖೆ ಇದೆ ಅನ್ನೋದಕ್ಕೆ ಹಲಗೆಯ ಫೋಟೋ ಇದೆ. ಇಲ್ಲ ಅನ್ನೋದಕ್ಕೆ ಏನು ದಾಖಲೆ ಕೊಡ್ತಾರೆ? ಇಲ್ಲದೇ ಇರೋ ಶಾಖೆ ಇಲ್ಲ ಅಂತ ಯಾರು ಬರೆದುಕೊಡ್ತಾರೆ?"

ಆಗಲೇ ಬಾಗಿಲು ದಬ್ಬಿಕೊಂಡು ಷಡ್ಡಕ ಒಳಗೆ ನುಗ್ಗಿದ. ಇಸ್ತ್ರಿ ಮಾಡಿದ ಕೋಟು, ಕಂಕುಳಲ್ಲಿ ಫೈಲು. ತಮ್ಮನಂಥವನು ಕಷ್ಟದಲ್ಲಿದ್ದಾನೆಂದು ಕೇಳಿ ಅವನ ಮಾನ ಉಳಿಸಲು ಓಡಿಬಂದಿದ್ದ, ಪಾಪ.

"ಯಾರ್ರೀ ಹೇಳಿದ್ದು ಇವರಿಗೆ ಶಾಖೆ ಇಲ್ಲ ಅಂತ? ಏಳೂ ಇವೆ! ಹಿಗಾಸಾ ಶಾಖೆಗೆ ನಾನೇ ಮ್ಯಾನೇಜರ್!"

ಇನ್‌ಸ್ಪೆಕ್ಟರ್‌ನ ಮುಖ ಅರಳಿತು. ಮೇಷ್ಟ್ರು ಕೈಯಲ್ಲಿದ್ದ ನಿಘಂಟನ್ನು ಕಾಲ ಮೇಲೆ ಬೀಳಿಸಿಕೊಂಡರು.

"ಬೇಕಾದರೆ ನೋಡಿ. ಸರ್ವೀಸು ಇನ್ನೂ ಎರಡು ವರ್ಷ ಇತ್ತು. ಬೇಡ ಅಂತ ಬರೆದುಕೊಟ್ಟೆ. ಮೊನ್ನೆ ಮಂಜೂರಾಯಿತು, ನಿನ್ನೆ ಉಗ್ರಾಣದ ಬೀಗದ ಕೈ ಒಪ್ಪಿಸಿಬಿಟ್ಟೆ. ಸುಳ್ಳು ಕಂಪನಿಗೆ ಯಾರಾದರೂ ಹೀಗೆ ಮಾಡ್ತಾರಾ?" ಎಂದು ಮಂಜೂರಾತಿ ಆದೇಶವನ್ನು ಮೇಜಿನ ಮೇಲೆ ಇಟ್ಟ. ಪಕ್ಕದಲ್ಲಿ ಪಾಸ್‌ಪೋರ್ಟಿಗೆ ತೆಗೆಸಿದ ಆರು ಫೋಟೋ ಇಟ್ಟ.

ಕಡ್ಡಿರಾಯ ಇಕ್ಕಟ್ಟಿಗೆ ಸಿಕ್ಕಿಬಿದ್ದ. ಬಾಯಿ ಮುಚ್ಚಿಕೊಂಡಿದ್ದರೆ ಮೂಲೆ ಹೋಗುತ್ತದೆ. ಬಾಯಿ ಬಿಟ್ಟರೆ, ಜೀವಮಾನದಲ್ಲಿ ಮೊದಲ ಸಲ ತನ್ನನ್ನು 'ನೀವು' ಎಂದವನು ನಾಲ್ಕು ಜನರ ಮುಂದೆ ನಗೆಪಾಟಲಾಗುತ್ತಾನೆ. ಆ ಆರು ಫೋಟೋಗಳಲ್ಲೂ ಷಡ್ಡಕ ಮ್ಯಾನೇಜರನ ಹಾಗೆ ಸ್ವಲ್ಪ ಗದ್ದ ಎತ್ತಿಕೊಂಡಿದ್ದ.

"ಅಣ್ಣಾ," ಎಂದ. "ಹಿಗಾಸಾ ಊರಲ್ಲ ಅಣ್ಣಾ. ಕೊಡೆ. ಬಿಸಿಲಿಗೆ ಹಿಡಿಯೋ ಕೊಡೆ. ಮಿಕ್ಕ ಆರೂ ಕೊಡೆಯ ಹೆಸರೇ, ನೆರಳು ಅಂತ. ನೀವು ಹೊಸ ಮನೆಗೆ ಹೆಸರು ಕೇಳ್ತಿದ್ದೀರಿ ಅಂದ್ಕೊಂಡೆ, ತಗೊಳ್ಳಿ ಅಂದೆ. ನನಗಿರೋದು ಮೆಟ್ಟಿಲ ಕೆಳಗಿನ ಒಂದೇ ಮೂಲೆ. ಏಳಲ್ಲ, ಎರಡೂ ಇಲ್ಲ."

ಷಡ್ಡಕ ಮೇಡಂ ಮುಖ ನೋಡಿದ, ಮೇಷ್ಟ್ರ ಮುಖ ನೋಡಿದ, ಕಡ್ಡಿರಾಯನ ಮುಖ ನೋಡಿದ. ಕಂಕುಳಲ್ಲಿದ್ದ ಫೈಲು ಜಾರಿ ನೆಲಕ್ಕೆ ಬಿತ್ತು. ಹಾಗೇ ಹಿಂದೆ ಸರಿದು, ಕುರ್ಚಿ ಇದೆಯೋ ಇಲ್ಲವೋ ನೋಡದೆ ಕೂತ. ಪುಣ್ಯಕ್ಕೆ ಕುರ್ಚಿ ಇತ್ತು.

"ಹಾಗಾದರೆ ನಾನು ಯಾತಕ್ಕೆ ಮ್ಯಾನೇಜರ್?" ಎಂದು ಮೆಲ್ಲಗೆ ಕೇಳಿದ.

ಮೇಡಂ ಅವನ ಮುಖವನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಇನ್‌ಸ್ಪೆಕ್ಟರ್ ಕಡೆ ತಿರುಗಿದರು.

"ಶಾಖೆ ಇಲ್ಲ ಅನ್ನೋದಕ್ಕೆ ದಾಖಲೆ ಕೇಳಿದಿರಲ್ಲ? ಅಲ್ಲಿ ಕೂತಿದೆ ನೋಡಿ. ಇಂಥ ಮುಖ ಯಾರಿಂದಲೂ ಬರೆಸಿ ತರೋಕಾಗಲ್ಲ." ಕಾಗದ ಎಳೆದುಕೊಂಡು ಮೂಲೆ ಅವನಿಗೇ ಮುಂದುವರಿಯತಕ್ಕದ್ದು ಎಂದು ಬರೆದು ಸಹಿ ಹಾಕಿದರು.

ಮೂಲೆ ಉಳಿಯಿತು. ಕಡ್ಡಿರಾಯನಿಗೆ ಮಾತ್ರ ಅಂದು ಊಟ ಸೇರಲಿಲ್ಲ. ತನ್ನ ಮೂರಡಿ ಉಳಿಸಿಕೊಳ್ಳಲು ಒಬ್ಬನ ಮುಖವನ್ನೇ ಸಾಕ್ಷಿಗೆ ಕೊಟ್ಟು ಬಂದೆನಲ್ಲ ಎಂದು ಅವನಿಗೆ ನಾಚಿಕೆ. ಷಡ್ಡಕ ಇನ್ನು ಈ ಜನ್ಮದಲ್ಲಿ ತನ್ನ ಮುಖ ನೋಡುವುದಿಲ್ಲ ಎಂದುಕೊಂಡ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ, ಆಫೀಸಿಗೆ ಬರುವ ಹಾಗೆ, ಷಡ್ಡಕ ಮೆಟ್ಟಿಲ ಮುಂದೆ ಬಂದು ನಿಂತ. ಬೀದಿಯವರೆಲ್ಲ ಕೆಲಸ ಬಿಟ್ಟು ನೋಡಿದರು. ಹೊಡೆದಾಟ ಖಂಡಿತ ಎಂದು ಕ್ಷೌರದವನು ಗಿರಾಕಿಯ ಕುರ್ಚಿಯನ್ನೇ ಬಾಗಿಲಿಗೆ ಎಳೆದುಕೊಂಡ. ಷಡ್ಡಕ ತಲೆ ಬಗ್ಗಿಸಿ ಒಳಗೆ ಬಂದು, ಹಳೆಯ ಕೊಡೆಗಳ ಕಟ್ಟಿನ ಮೇಲೆ ಬೀದಿಗೆ ಬೆನ್ನು ಹಾಕಿ ಕೂತ.

"ಮನೇಲಿ ಕೂತರೆ ನಿಮ್ಮತ್ತಿಗೆಯ ಬೈಗುಳ ಕೇಳಬೇಕು," ಎಂದ.

ಕಡ್ಡಿರಾಯ ಒಂದು ಪಕ್ಕಕ್ಕೆ ಒತ್ತರಿಸಿಕೊಂಡು ಕಾಲು ಚಾಚಲು ಜಾಗ ಬಿಟ್ಟುಕೊಟ್ಟ. ಮೂರಡಿಯಲ್ಲಿ ಇಬ್ಬರು ಕೂತ ಮೇಲೆ ಇಕ್ಕಳ ತಿರುಗಿಸಲೂ ಎಡೆಯಿರಲಿಲ್ಲ.

ಹನ್ನೊಂದು ಗಂಟೆಗೆ ಒಬ್ಬಾಕೆ ಮಗುವನ್ನು ಸೊಂಟದಲ್ಲಿ ಎತ್ತಿಕೊಂಡು, ಬಟ್ಟೆ ಕಿತ್ತುಹೋದ ಕೊಡೆ ತಂದಳು. ಕಡ್ಡಿರಾಯ ಅದನ್ನು ತೊಡೆಯ ಮೇಲೆ ಬಿಚ್ಚಿಕೊಂಡು ಕೆಲಸಕ್ಕೆ ಹತ್ತಿದ. ಆಕೆ ಬೀದಿಯಲ್ಲಿ ನಿಂತು ಕಾದಳು. ಷಡ್ಡಕ ಒಮ್ಮೆ ತಿರುಗಿ ನೋಡಿದ, ಮತ್ತೊಮ್ಮೆ ನೋಡಿದ. ಮೂವತ್ತು ವರ್ಷ ಉಗ್ರಾಣದಲ್ಲಿ ತಪ್ಪು ಹುಡುಕಿ ಪಳಗಿದ ಕಣ್ಣು ಅದು.

"ಏನಯ್ಯಾ ಇದು?" ಎಂದು ಗುಡುಗಿದ. "ಏಳು ಭಾಷೇಲಿ ನೆರಳು ಅಂತ ಬರೆಸಿದ್ದೆ. ಬಂದ ಗಿರಾಕಿಯ ಕೊಡೆ ಕಿತ್ತುಕೊಂಡು ಅವರನ್ನೇ ಬಿಸಿಲಲ್ಲಿ ನಿಲ್ಲಿಸಿದ್ದೀಯ! ಇಪ್ಪತ್ತೆರಡು ವರ್ಷದಿಂದ ಹೀಗೇನಾ?"

ಕಡ್ಡಿರಾಯನ ಕೈಯಿಂದ ಇಕ್ಕಳ ಜಾರಿತು. ಹೌದು, ಹೀಗೇ. ಇಷ್ಟು ವರ್ಷದಲ್ಲಿ ಒಂದು ದಿನವೂ ಅದು ಅವನ ತಲೆಗೆ ಹೊಳೆದಿರಲಿಲ್ಲ.

ಷಡ್ಡಕ ಕೂತಿದ್ದ ಕಟ್ಟಿನಿಂದ ಎಲ್ಲಕ್ಕಿಂತ ದೊಡ್ಡದೊಂದು ಕೊಡೆ ಎಳೆದ. ಕೋಟಿನ ಗುಂಡಿ ಹಾಕಿಕೊಂಡು ಬೀದಿಗೆ ಹೋಗಿ, ಅದನ್ನು ಬಿಚ್ಚಿ ಆಕೆಯ ಮೇಲೂ ಮಗುವಿನ ಮೇಲೂ ಹಿಡಿದು, ಗದ್ದ ಸ್ವಲ್ಪ ಎತ್ತಿ, ಎಲ್ಲರಿಗೂ ಕಾಣುವ ಹಾಗೆ ನಿಂತುಕೊಂಡ.